ತುಮಕೂರಲ್ಲಿ ಟೂರ್ನಮೆಂಟಿಗೆ "ಲೈವ್ ಪ್ಲಸ್ ಥರ್ಡ್ ಅಂಪೈರ್" ಪ್ಯಾಕೇಜ್ ತಗೊಂಡ್ವಿ, ಕೊಟ್ಟ ದುಡ್ಡಿಗೆ ಏನು ಸಿಕ್ತು ಅಂತ ಪೂರ್ತಿ ರಿವ್ಯೂ

ನಮ್ಮ ಬಡಾವಣೆ ಹುಡುಗರೆಲ್ಲ ಸೇರ್ಕೊಂಡು ಜೂನಿಯರ್ ಕಾಲೇಜ್ ಗ್ರೌಂಡಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಮಾಡಿದ್ವಿ, ಗುಬ್ಬಿ ತಿಪಟೂರು ಕೊರಟಗೆರೆ ಶಿರಾ ಕಡೆಯಿಂದೆಲ್ಲ ಟೀಮ್ ಬಂದಿದ್ವು, ಈ ಸಲ ಬರೀ ಮೈಕು ಶಾಮಿಯಾನ ಟ್ರೋಫಿ ಸಾಲಲ್ಲ ಅಂತ ಯೂಟ್ಯೂಬ್ ಲೈವ್ ಜೊತೆಗೆ ಥರ್ಡ್ ಅಂಪೈರ್ (ಕ್ಯಾಮೆರಾ ರಿಪ್ಲೇ ನೋಡಿ ತೀರ್ಪು ಕೊಡೋರು) ಇರೋ ಪ್ಯಾಕೇಜ್ ಬುಕ್ ಮಾಡಿದ್ವಿ. ಈ ರಿವ್ಯೂ ಅದರ ಬಗ್ಗೆ. ಸರ್ವೀಸ್ ಕೊಟ್ಟವರ ಹೆಸರು ಹಾಕ್ತಿಲ್ಲ, ಯಾಕಂದ್ರೆ ನಾನು ಕಂಡ ತೊಂದರೆಗಳು ಅವರೊಬ್ಬರದ್ದೇ ಅಲ್ಲ, ನಮ್ಮ ಜಿಲ್ಲೇಲಿ ಈ ಕೆಲಸ ಮಾಡೋ ಬೇರೆಯವರ ಲೈವ್ ನೋಡಿದಾಗ್ಲೂ ಅವೇ ಕಾಣಿಸ್ತವೆ. ಮುಂದೆ ಟೂರ್ನಮೆಂಟ್ ಮಾಡೋರಿಗೆ ಅಡ್ವಾನ್ಸ್ ಕೊಡೋ ಮುಂಚೆ ಏನು ಕೇಳಬೇಕು ಅನ್ನೋದು ಗೊತ್ತಾದ್ರೆ ಸಾಕು.

ಮೊದಲು ಚೆನ್ನಾಗಿದ್ದಿದ್ದು ಹೇಳಿಬಿಡ್ತೀನಿ. ಹುಡುಗರು ಟೈಮಿಗೆ ಬಂದ್ರು, ಬೆಳಗ್ಗೆ ಬಿಸಿಲೇರೋ ಮುಂಚೆನೇ ವೈರ್ ಎಳೆದು ಕ್ಯಾಮೆರಾ ನಿಲ್ಲಿಸಿ ಎಲ್ಲಾ ರೆಡಿ ಮಾಡ್ಕೊಂಡಿದ್ರು, ಜನರೇಟರ್ ಅವರದ್ದೇ ಇತ್ತು, ಕರೆಂಟ್ ಹೋದಾಗ ಲೈವ್ ನಿಲ್ಲಲಿಲ್ಲ. ಸ್ಕ್ರೀನ್ ಕೆಳಗೆ ಬರೋ ಸ್ಕೋರು ಬಾಲಿಗೆ ಬಾಲು ಅಪ್ಡೇಟ್ ಆಗ್ತಿತ್ತು. ಬೆಂಗಳೂರಲ್ಲಿ ಕೆಲಸಕ್ಕಿರೋ ನಮ್ಮ ಹಳೇ ಹುಡುಗರೆಲ್ಲ ಫೋನಲ್ಲೇ ಪೂರ್ತಿ ನೋಡಿ ಮೆಸೇಜ್ ಹಾಕ್ತಿದ್ರು, ಅದೊಂದು ಖುಷಿ. ಡ್ರೋನ್ ಶಾಟ್ ಸೂಪರ್. ಬರೀ ಲೈವ್‌ಗೆ ಅಂತ ತಗೊಳ್ಳೋದಾದ್ರೆ ಕಣ್ಣುಮುಚ್ಚಿ ತಗೊಳ್ಳಿ.

ಆದ್ರೆ ನಾವು ಜಾಸ್ತಿ ದುಡ್ಡು ಕೊಟ್ಟಿದ್ದು ಥರ್ಡ್ ಅಂಪೈರ್‌ಗೆ. ನಾಲ್ಕೈದು ಟೀಮಿನ ಎಂಟ್ರಿ ಫೀಸು ಸೀದಾ ಅದಕ್ಕೇ ಹೋಯ್ತು. ಯಾಕೆ ಅಷ್ಟು ಆಸೆಪಟ್ವಿ ಅಂದ್ರೆ, ನಮ್ಮ ಕಡೆ ಟೂರ್ನಮೆಂಟ್ ನೋಡಿರೋರಿಗೆ ಗೊತ್ತಿರುತ್ತೆ, ಒಂದು ರನ್ ಔಟ್ ತೀರ್ಪು ಎಡವಟ್ಟಾದ್ರೆ ಮ್ಯಾಚ್ ಅರ್ಧ ಗಂಟೆ ನಿಲ್ಲುತ್ತೆ, ಟೀಮು ಗ್ರೌಂಡ್ ಬಿಟ್ಟು ಹೋಗುತ್ತೆ, ವರ್ಷಗಟ್ಟಲೆ ಎರಡು ಊರಿನ ಹುಡುಗರು ಮಾತಾಡ್ಸಲ್ಲ. ಅಂಪೈರಿಂಗ್ ಮಾಡಿದ ಮನುಷ್ಯ ಒಬ್ಬನೇ ಮೂಲೇಲಿ ನಿಂತಿರ್ತಾನೆ. ಅದೆಲ್ಲ ತಪ್ಪಲಿ ಅಂತಾನೇ ಈ ಪ್ಯಾಕೇಜ್.

ಬಂದಿದ್ದು ಏನಪ್ಪಾ ಅಂದ್ರೆ, ಸೈಡ್ ಕ್ಯಾಮೆರಾ ಒಂದೇ. ಬ್ಯಾಟಿಂಗ್ ಎಂಡಿನ ಕ್ರೀಸಿಗೆ, ಅಂದ್ರೆ ಓಡಿ ಬಂದು ಬ್ಯಾಟು ಮುಟ್ಟಿಸೋ ಗೆರೆಗೆ, ನೇರವಾಗಿ ಇಡಬೇಕಿತ್ತು, ಆ ಜಾಗದಲ್ಲಿ ಶಾಮಿಯಾನದ ಕಂಬ ಬಂತು ಅಂತ ಐದಾರು ಹೆಜ್ಜೆ ಪಕ್ಕಕ್ಕೆ ಸರಿಸಿಬಿಟ್ರು. ಕೇಳಿದ್ದಕ್ಕೆ "ಅಣ್ಣ ಜೂಮ್ ಮಾಡಿದ್ರೆ ಎಲ್ಲಾ ಕಾಣುತ್ತೆ" ಅಂದ್ರು. ಕಾಣೋದು ಬೇರೆ, ಸರಿಯಾಗಿ ಕಾಣೋದು ಬೇರೆ. ಕ್ಯಾಮೆರಾ ಗೆರೆಗೆ ನೇರ ಇಲ್ದೆ ಓರೆಯಾಗಿದ್ರೆ, ಗೆರೆಯಿಂದ ಸ್ವಲ್ಪ ಮೇಲಿರೋ ಬ್ಯಾಟು ಒಳಗೆ ಬಂದಿರೋ ಥರ ಕಾಣುತ್ತೆ ಇಲ್ಲಾ ಹೊರಗಿರೋ ಥರ ಕಾಣುತ್ತೆ, ಯಾವ ಕಡೆಯಿಂದ ನೋಡ್ತೀವಿ ಅನ್ನೋದರ ಮೇಲೆ. ಬಸ್ಸಲ್ಲಿ ಪಕ್ಕದ ಸೀಟಿಂದ ಡ್ರೈವರ್ ಮುಂದಿನ ಸ್ಪೀಡೋಮೀಟರ್ ಮುಳ್ಳು ನೋಡಿದ್ರೆ ತಪ್ಪು ನಂಬರ್ ಕಾಣ್ಸುತ್ತಲ್ಲ, ಅದೇ ಕಥೆ.

ಇನ್ನೊಂದು ಫ್ರೇಮಿನ ವಿಷಯ. ಇದನ್ನ ದಯವಿಟ್ಟು ಎಲ್ಲ ಕಮಿಟಿಯವರೂ ಅರ್ಥ ಮಾಡ್ಕೊಳ್ಳಿ. ಮಾಮೂಲಿ ವಿಡಿಯೋ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತೆ, ಅಂದ್ರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 40 ಮಿಲಿಸೆಕೆಂಡ್ ಗ್ಯಾಪು. ಜೋರಾಗಿ ಓಡಿ ಬರೋ ಹುಡುಗ ಸೆಕೆಂಡಿಗೆ 6 ಮೀಟರ್ ಬರ್ತಾನೆ ಅಂತ ಇಟ್ಕೊಂಡ್ರೂ ಆ ಗ್ಯಾಪಲ್ಲಿ ಅವನ ಬ್ಯಾಟು 24 ಸೆಂಟಿಮೀಟರ್ ಮುಂದೆ ಬಂದಿರುತ್ತೆ, ಹತ್ತಿರ ಹತ್ತಿರ ಒಂದು ಗೇಣು. ಒಂದು ಚಿತ್ರದಲ್ಲಿ ಸ್ಟಂಪ್ ಮೇಲೆ ಬೇಲ್ಸ್ ಕೂತಿದೆ ಬ್ಯಾಟು ಹೊರಗಿದೆ, ಮುಂದಿನ ಚಿತ್ರದಲ್ಲಿ ಬೇಲ್ಸ್ ಹಾರಿದೆ ಬ್ಯಾಟು ಒಳಗಿದೆ, ನಡುವೆ ಯಾವುದು ಮೊದಲಾಯ್ತು ಅಂತ ಆ ಕ್ಯಾಮೆರಾಗೂ ಗೊತ್ತಿಲ್ಲ. ಟಿವಿ ಮ್ಯಾಚಲ್ಲಿ ಸೆಕೆಂಡಿಗೆ ನೂರಾರು ಫ್ರೇಮ್ ತೆಗೆಯೋ ಕ್ಯಾಮೆರಾ ಇರ್ತವೆ, ಅದಕ್ಕೇ ಅಲ್ಲಿ ಬೇಲ್ಸ್ ಲೈಟು ಹತ್ತಿದ ಕ್ಷಣ ಹಿಡಿದು ನಿಲ್ಲಿಸ್ತಾರೆ. ನಮ್ಮ ಕ್ವಾರ್ಟರ್ ಫೈನಲಲ್ಲಿ ಒಂದು ರನ್ ಔಟಿಗೆ ಹೀಗೇ ಆಯ್ತು, ಆಪರೇಟರ್ ಹುಡುಗ ಆ ಎರಡು ಚಿತ್ರವನ್ನೇ ಹಿಂದೆ ಮುಂದೆ ಆಡಿಸಿ ಆಡಿಸಿ ಕೊನೆಗೆ "ಔಟ್ ಅಣ್ಣ" ಅಂದ. ಗೊತ್ತಾಗ್ತಿಲ್ಲ ಅಂತ ಹೇಳಿ ಗ್ರೌಂಡ್ ಅಂಪೈರ್ ತೀರ್ಪಿಗೇ ಬಿಡಬೇಕಿತ್ತು. ದೊಡ್ಡ ಕ್ರಿಕೆಟಲ್ಲೂ ಪಕ್ಕಾ ಸಾಕ್ಷಿ ಇಲ್ಲ ಅಂದ್ರೆ ರನ್ ಔಟ್ ಕೊಡಲ್ಲ, ಅನುಮಾನ ಇದ್ರೆ ಬ್ಯಾಟ್ಸ್‌ಮನ್ ಕಡೆಗೆ.

ಇಲ್ಲೇ ಈ ಪ್ಯಾಕೇಜಿನ ದೊಡ್ಡ ತೂತು ಗೊತ್ತಾಗಿದ್ದು. ಪಾಂಪ್ಲೆಟ್ಟಲ್ಲಿ ಥರ್ಡ್ ಅಂಪೈರ್ ಅಂತ ಹಾಕಿರ್ತಾರೆ, ಕೊಡೋದು ಕ್ಯಾಮೆರಾ ಮತ್ತೆ ರಿಪ್ಲೇ ಸಾಫ್ಟ್‌ವೇರು ಮಾತ್ರ. ಅಂಪೈರು ಇಲ್ಲ! ಲ್ಯಾಪ್‌ಟಾಪ್ ಮುಂದೆ ಕೂತಿರೋ ಹುಡುಗಾನೇ ತೀರ್ಪು ಕೊಡ್ತಾನೆ, ಪಾಪ ಅವನು ವಿಡಿಯೋ ಕೆಲಸ ಕಲಿತಿರೋನು, ಕ್ರಿಕೆಟ್ ರೂಲ್ಸ್ ಓದಿರೋನಲ್ಲ. ಸೆಮಿ ಫೈನಲಲ್ಲಿ ಒಬ್ಬ ಡೈವ್ ಹೊಡೆದು ಬ್ಯಾಟನ್ನ ಕ್ರೀಸ್ ಒಳಗೆ ಊರಿದ, ಊರಿದ ಮೇಲೆ ಬ್ಯಾಟು ಎಗರಿ ಗಾಳೀಲಿತ್ತು, ಆಗ ಬೇಲ್ಸ್ ಬಿತ್ತು. ಹುಡುಗ ಫ್ರೀಜ್ ಮಾಡಿ ಬ್ಯಾಟು ನೆಲದ ಮೇಲಿಲ್ಲ ಅಂತ ಔಟ್ ಕೊಟ್ಬಿಟ್ಟ. ಆ ನಿಯಮ 2017ರ ಅಕ್ಟೋಬರಲ್ಲೇ ಬದಲಾಗಿದೆ, ಓಡಿ ಬರ್ತಾ ಅಥವಾ ಡೈವ್ ಹೊಡೀತಾ ಒಂದು ಸಲ ಗೆರೆ ದಾಟಿ ಬ್ಯಾಟು ಊರಿದ ಮೇಲೆ ಅದು ಎಗರಿದ್ರೂ ನಾಟೌಟೇ. ಆ ಹುಡುಗ ಚೆನ್ನಾಗಿ ಆಡ್ತಿದ್ದ, ಕೊರಟಗೆರೆ ಕಡೆಯೋನು, ಹೆಲ್ಮೆಟ್ ತೆಗೆದು ಹಾಗೇ ನಡ್ಕೊಂಡು ಹೋದ, ಒಂದು ಮಾತಾಡಲಿಲ್ಲ. ಕಮಿಟೀಲಿ ಇಬ್ಬರು ಅದು ನಾಟೌಟ್ ಅಂತ ಹೇಳಿದ್ವಿ, ಅಷ್ಟೊತ್ತಿಗೆ ಮುಂದಿನ ಬಾಲು ಹಾಕಿಯಾಗಿತ್ತು. ಆ ಟೀಮು ಸೋತ್ತು. ನನಗೆ ಈಗ್ಲೂ ಅದು ಹೊಟ್ಟೆ ಉರಿಯುತ್ತೆ.

ರೂಲ್ ಬುಕ್ ಗೊತ್ತಿಲ್ದೆ ಆಗೋ ತಪ್ಪು ನಮ್ಮ ಗ್ರೌಂಡಿಗೆ ಮಾತ್ರ ಅಂತ ಅಂದ್ಕೋಬೇಡಿ. 2019ರ ಜುಲೈ 14, ಲಾರ್ಡ್ಸಲ್ಲಿ ಇಂಗ್ಲೆಂಡ್ ನ್ಯೂಜಿಲೆಂಡ್ ವರ್ಲ್ಡ್ ಕಪ್ ಫೈನಲ್, ಕೊನೆ ಓವರು, ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಬಾಲು ಡೈವ್ ಹೊಡೆದ ಇಂಗ್ಲೆಂಡಿನ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿಗೆ ಹೋಯ್ತು, ಅಂಪೈರ್ ಕುಮಾರ್ ಧರ್ಮಸೇನ 6 ರನ್ ಕೊಟ್ರು. ನಿಯಮದ ಪ್ರಕಾರ ಬಾಲು ಎಸೆದ ಕ್ಷಣದಲ್ಲಿ ಇಬ್ಬರೂ ಬ್ಯಾಟ್ಸ್‌ಮನ್‌ಗಳು ಒಬ್ಬರನ್ನೊಬ್ಬರು ದಾಟಿರಬೇಕು, ಎರಡನೇ ರನ್ನಿಗೆ ಅವರು ದಾಟಿರಲಿಲ್ಲ, ಅದಕ್ಕೆ 5 ರನ್ನೇ ಆಗಬೇಕಿತ್ತು, ಸ್ಟ್ರೈಕಿಗೂ ಆದಿಲ್ ರಶೀದ್ ಬರಬೇಕಿತ್ತು. ಹಳೇ ಅಂಪೈರ್ ಸೈಮನ್ ಟಾಫೆಲ್ ಇದನ್ನ ಆಮೇಲೆ ಹೇಳಿದ್ರು, ಧರ್ಮಸೇನ ಅವರೂ ತಪ್ಪಾಯ್ತು ಅಂತ ಒಪ್ಕೊಂಡ್ರು. ಮ್ಯಾಚು ಟೈ ಆಯ್ತು, ಸೂಪರ್ ಓವರೂ ಟೈ ಆಯ್ತು, ಯಾರು ಜಾಸ್ತಿ ಬೌಂಡರಿ ಹೊಡೆದ್ರು ಅನ್ನೋ ಲೆಕ್ಕದಲ್ಲಿ ನ್ಯೂಜಿಲೆಂಡ್ ಕಪ್ ಕಳ್ಕೊಂಡ್ತು. ಅಲ್ಲಿ ಕ್ಯಾಮೆರಾ ಎಷ್ಟೊಂದಿತ್ತು ಯೋಚನೆ ಮಾಡಿ! ಆದ್ರೆ ಎಸೆದಾಗ ದಾಟಿದ್ರಾ ಇಲ್ವಾ ಅಂತ ನೋಡು ಅಂತ ಯಾರಿಗೂ ಆ ಹೊತ್ತಲ್ಲಿ ಒಪ್ಪಿಸಿರಲಿಲ್ಲ.

ನಾನು ಹೇಳಬೇಕಾಗಿರೋದೇ ಇದು. ಯಾರು ಏನನ್ನ ನೋಡಬೇಕು ಅಂತ ಮೊದಲೇ ಗೊತ್ತುಮಾಡಿರಬೇಕು, ಇಲ್ಲಾಂದ್ರೆ ಎಷ್ಟು ಕ್ಯಾಮೆರಾ ಇಟ್ರೂ ಎಡವಟ್ಟು ಆಗೇ ಆಗುತ್ತೆ. ನಮ್ಮ ಚಿನ್ನಸ್ವಾಮೀಲೇ ನೋಡಿ, 2019ರ ಮಾರ್ಚ್ 28, ಆರ್‌ಸಿಬಿ ಮುಂಬೈ ಮ್ಯಾಚು, ಕೊನೆ ಬಾಲಿಗೆ 7 ರನ್ ಬೇಕು, ಮುಂಬೈ ಬೌಲರ್ ಮಾಲಿಂಗ ಕಾಲು ಗೆರೆಯಿಂದ ಎಷ್ಟು ಮುಂದಿತ್ತು ಅಂತ ಇಡೀ ದೇಶ ನೋಡ್ತು, ಅಂಪೈರ್ ಎಸ್. ರವಿ ನೋ ಬಾಲ್ ಕೊಡಲಿಲ್ಲ. ನಮ್ಮ ಎಬಿಡಿ (ಡಿ ವಿಲಿಯರ್ಸ್) ಇನ್ನೊಂದು ಎಂಡಲ್ಲಿ 70 ಹೊಡೆದು ನಿಂತಿದ್ದ. ಮುಂಬೈ 6 ರನ್ನಿಂದ ಗೆದ್ದಾಯ್ತು ಅಂತ ಎಲ್ಲ ಕೈ ಕುಲುಕಿದ ಮೇಲೆ ದೊಡ್ಡ ಸ್ಕ್ರೀನಲ್ಲಿ ರಿಪ್ಲೇ ಬಂತು. ಕೊಹ್ಲಿ ಸಿಟ್ಟಲ್ಲಿ ನಾವು ಆಡ್ತಿರೋದು ಐಪಿಎಲ್, ಕ್ಲಬ್ ಕ್ರಿಕೆಟ್ ಅಲ್ಲ ಅಂದ. ಮುಂಬೈ ಕ್ಯಾಪ್ಟನ್ ಆಗಿದ್ದ ರೋಹಿತ್ ಕೂಡ ಗೆದ್ದಿದ್ರೂ ಬಿಡಲಿಲ್ಲ, ಅದಕ್ಕೆ ಮುಂಚೆ ಬುಮ್ರಾ ಹಾಕಿದ ವೈಡ್ ಅಲ್ಲದ ಬಾಲಿಗೆ ವೈಡ್ ಕೊಟ್ರು ಅಂತ ಹೇಳಿದ.

ಕೊಹ್ಲಿ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ, ಬೇಜಾರಾಗಬೇಡಿ ಆರ್‌ಸಿಬಿ ಫ್ಯಾನ್ಸು, ನಾನೂ ಅದೇ ಟೀಮೇ. ಕ್ಲಬ್ ಕ್ರಿಕೆಟಿಗೆ ಕೆಟ್ಟ ಅಂಪೈರಿಂಗ್ ಸಾಕು ಅಂತಾನಾ? ನಮ್ಮದು ಕ್ಲಬ್ಬಿಗಿಂತ ಇನ್ನೂ ಕೆಳಗೆ, ಸುಣ್ಣದಲ್ಲಿ ಗೆರೆ ಎಳೆದು ಆಡೋ ಆಟ, ಆದ್ರೆ ಭಾನುವಾರದ ಕೂಲಿ ಬಿಟ್ಟು ಬಂದು ಆಡೋ ಹುಡುಗನಿಗೆ ಆ ಒಂದು ರನ್ ಔಟ್ ಎಬಿಡಿಗೆ ಎಷ್ಟೋ ಅಷ್ಟೇ.

ಆ ನೋ ಬಾಲ್ ತಪ್ಪಿಗೆ ಆಮೇಲೆ ಏನು ಮಾಡಿದ್ರು ಅನ್ನೋದು ನಮಗೆ ಪಾಠ. ಬೌಲಿಂಗ್ ಎಂಡಲ್ಲಿ ನಿಂತಿರೋ ಅಂಪೈರ್ ಮೊದಲು ಕಾಲು ನೋಡಬೇಕು, ತಕ್ಷಣ ತಲೆ ಎತ್ತಿ ಆ ಕಡೆ ಬ್ಯಾಟ್ಸ್‌ಮನ್ ನೋಡಬೇಕು, 140 ಸ್ಪೀಡಲ್ಲಿ ಬಂದ್ರೆ ಬಾಲು ತಲುಪೋಕೆ ಅರ್ಧ ಸೆಕೆಂಡೂ ಬೇಡ. ಮನುಷ್ಯನ ಕಣ್ಣಿಗೆ ಎರಡು ಕೆಲಸ ಒಟ್ಟಿಗೆ ಹೊರಿಸಿದ್ವಿ ಅಂತ ಅರ್ಥ ಆಗಿ, ಅದೇ ವರ್ಷ ಡಿಸೆಂಬರಲ್ಲಿ ಭಾರತ ವೆಸ್ಟ್ ಇಂಡೀಸ್ ಸರಣೀಲಿ ಕಾಲು ನೋಡೋ ಕೆಲಸ ಟಿವಿ ಅಂಪೈರಿಗೆ ಕೊಟ್ಟು ಟ್ರಯಲ್ ಮಾಡಿದ್ರು, 2020ರ ಐಪಿಎಲಿಗೂ ಬಂತು. ಅಂಪೈರನ್ನ ಬೈಯೋದು ಬಿಟ್ಟು ಕೆಲಸ ಹಂಚಿದ್ರು. ನಮ್ಮ ಪ್ಯಾಕೇಜಲ್ಲಿ ಬೌಲಿಂಗ್ ಎಂಡ್ ಕ್ರೀಸಿಗೆ ಕ್ಯಾಮೆರಾನೇ ಇರಲಿಲ್ಲ. ಕೇಳಿದ್ರೆ ಅದು "ಪ್ರೀಮಿಯಂ" ಪ್ಯಾಕೇಜಂತೆ. ಡ್ರೋನ್ ಬೇಡ, ಅದರ ಬದ್ಲು ಇನ್ನೊಂದು ಕ್ಯಾಮೆರಾ ಇಡಿ ಅಂದ್ರೆ ಒಪ್ಪಲಿಲ್ಲ, ಡ್ರೋನ್ ಕಂಪಲ್ಸರಿ ಅಂದ್ರು.

ಕ್ಯಾಮೆರಾ ಇಲ್ದೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಫುಟ್ಬಾಲ್ ನೋಡೋರಿಗೆ 2024ರ ಜೂನ್ 11 ನೆನಪಿರುತ್ತೆ. ದೋಹಾದಲ್ಲಿ ಭಾರತಕ್ಕೆ ಕತಾರ್ ಜೊತೆ ವರ್ಲ್ಡ್ ಕಪ್ ಕ್ವಾಲಿಫೈಯರ್, ಛಾಂಗ್ಟೆ ಗೋಲಿಂದ ನಾವು ಮುಂದಿದ್ವಿ, 73ನೇ ನಿಮಿಷ ಬಾಲು ಗೋಲ್ ಪಕ್ಕದ ಗೆರೆ ದಾಟಿ ಮೈದಾನದ ಆಚೆ ಹೋಗಿತ್ತು, ಗೋಲ್‌ಕೀಪರ್ ಗುರುಪ್ರೀತ್ ಮತ್ತೆ ನಮ್ಮ ಹುಡುಗರೆಲ್ಲ ನಿಂತುಬಿಟ್ರು, ಕತಾರಿನವರು ಆಚೆಯಿಂದ ಬಾಲು ಎಳ್ಕೊಂಡು ಬಂದು ಗೋಲು ಹಾಕಿದ್ರು, ರೆಫರಿ ಗೋಲು ಕೊಟ್ರು. ಆ ರೌಂಡಲ್ಲಿ ವಿಎಆರ್, ಅಂದ್ರೆ ವಿಡಿಯೋ ನೋಡಿ ತೀರ್ಪು ತಿದ್ದೋ ವ್ಯವಸ್ಥೆ, ಇರಲಿಲ್ಲ. 2-1ಕ್ಕೆ ಸೋತ್ವಿ, ಕ್ವಾಲಿಫೈಯರಿಂದಾನೇ ಹೊರಗೆ. ಛೆಟ್ರಿ ರಿಟೈರ್ ಆಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಫೆಡರೇಷನ್ ದೂರು ಕೊಟ್ತು, ರಿಸಲ್ಟ್ ಬದಲಾಗಲಿಲ್ಲ. ಇಂಗ್ಲೆಂಡಿಗೆ 2010ರಲ್ಲಿ ಜರ್ಮನಿ ಮೇಲೆ ಲ್ಯಾಂಪಾರ್ಡ್ ಹೊಡೆದ ಗೋಲು ಒಳಗೆ ಬಿದ್ದು ಎದ್ದು ಬಂದಿದ್ರೂ ಕೊಡದೇ ಇದ್ದಿದ್ದಕ್ಕೇ ತಾನೇ ಗೋಲ್ ಲೈನ್ ಟೆಕ್ನಾಲಜಿ ಬೇಗ ಬಂದಿದ್ದು, 2014ರ ವರ್ಲ್ಡ್ ಕಪ್ಪಲ್ಲಿ ಇತ್ತು ಅದು. ನಮ್ಮ ಪಾಲಿಗೆ ಹತ್ತು ವರ್ಷ ಆದ್ಮೇಲೂ ವಿಎಆರ್ ಕೂಡ ಬಂದಿರಲಿಲ್ಲ.

ಇನ್ನೊಂದು ತಲೆನೋವು ಗ್ರೌಂಡ್ ಅಂಪೈರ್‌ಗಳದ್ದು, ಇದು ಪ್ಯಾಕೇಜ್‌ನವರ ತಪ್ಪಲ್ಲ. ಥರ್ಡ್ ಅಂಪೈರ್ ಕೇಳಿದ್ರೆ ನಮ್ಮ ಮರ್ಯಾದೆ ಹೋಗುತ್ತೆ ಅಂತ ಅವರಿಗೊಂದು ಭಾವನೆ. ಒಬ್ಬ ಹಿರಿಯರು, ಒಳ್ಳೇ ಮನುಷ್ಯ, ಹತ್ತಿರದ ರನ್ ಔಟಿಗೂ ಥರ್ಡ್ ಅಂಪೈರ್ ಕೇಳೋಕೆ ಕೈಯಲ್ಲಿ ಚೌಕ ತೋರಿಸಲಿಲ್ಲ, "ನಂಗೆ ಕಂಡೈತೆ ಬಿಡ್ರಪ್ಪಾ, ಆಡ್ರಿ" ಅಂದ್ರು. ರಿಪ್ಲೇಲಿ ನೋಡಿದ್ರೆ ಔಟು. ಇದೂ ಹಳೇ ರೋಗ. 1992ರ ನವೆಂಬರಲ್ಲಿ ಸೌತ್ ಆಫ್ರಿಕಾದಲ್ಲಿ ಮೊಟ್ಟಮೊದಲು ಥರ್ಡ್ ಅಂಪೈರ್ ಬಂದಾಗ ಡರ್ಬನ್ ಟೆಸ್ಟಲ್ಲಿ ಟಿವಿ ನೋಡಿ ರನ್ ಔಟ್ ಕೊಟ್ಟ ಮೊದಲನೇ ಆಟಗಾರ ನಮ್ಮ ಸಚಿನ್ನೇ, ಅದರ ಮುಂದಿನ ಜೊಹಾನ್ಸ್‌ಬರ್ಗ್ ಟೆಸ್ಟಲ್ಲಿ ಜಾಂಟಿ ರೋಡ್ಸ್ ರನ್ ಔಟಿಗೆ ಸ್ಟೀವ್ ಬಕ್ನರ್ ಟಿವಿ ಕೇಳೋಕೇ ಒಪ್ಪಲಿಲ್ಲ. ರೋಡ್ಸ್ 91 ಹೊಡೆದ.

ಅದೇ ಬಕ್ನರ್ 2008ರ ಜನವರೀಲಿ ಸಿಡ್ನೀಲಿ, ಆಸ್ಟ್ರೇಲಿಯಾ ಮೇಲಿನ ಟೆಸ್ಟಲ್ಲಿ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಬಿಸಿ ಆಗುತ್ತೆ, ನಮ್ಮ ಕುಂಬ್ಳೆ ಕ್ಯಾಪ್ಟನ್, ನಮ್ಮ ದ್ರಾವಿಡ್ ಕ್ರೀಸಲ್ಲಿ. ಆಸ್ಟ್ರೇಲಿಯಾದ ಸೈಮಂಡ್ಸ್ 30ರಲ್ಲಿದ್ದಾಗ ಇಶಾಂತ್ ಬಾಲಿಗೆ ಬ್ಯಾಟು ತಾಗಿದ ಸದ್ದು ಮನೇಲಿ ಕೂತೋರಿಗೂ ಕೇಳ್ತು, ಬಕ್ನರ್ ಕೊಡಲಿಲ್ಲ, ಸೈಮಂಡ್ಸ್ 162 ಹೊಡೆದು ನಾಟೌಟ್ ಉಳಿದ. ಕೊನೇ ದಿನ ದ್ರಾವಿಡ್ ಬ್ಯಾಟನ್ನ ಪ್ಯಾಡ್ ಹಿಂದೆ ಇಟ್ಕೊಂಡಿದ್ರು, ಬಾಲು ಪ್ಯಾಡಿಗೆ ಬಡಿದು ಹೋಯ್ತು, ಕ್ಯಾಚ್ ಔಟ್ ಅಂದ್ರು. ಗಂಗೂಲಿ ಕ್ಯಾಚಿಗೆ ಥರ್ಡ್ ಅಂಪೈರ್ ಕೇಳದೇ ಇನ್ನೊಬ್ಬ ಅಂಪೈರ್ ಬೆನ್ಸನ್ ಅವರ ಕ್ಯಾಪ್ಟನ್ ಪಾಂಟಿಂಗ್ ಮಾತಿನ ಮೇಲೆ ಕೈ ಎತ್ತಿದ್ರು. 122 ರನ್ನಿಂದ ಸೋತ್ವಿ, ಆಟ ಮುಗಿಯೋಕೆ ಕೆಲವೇ ನಿಮಿಷ ಇತ್ತು. ಒಂದೇ ಟೀಮು ಕ್ರೀಡಾ ಮನೋಭಾವದಿಂದ ಆಡ್ತು ಅಂತ ಕುಂಬ್ಳೆ ತಣ್ಣಗೆ ಹೇಳಿದ್ರಲ್ಲ, ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ. ಪರ್ತ್ ಟೆಸ್ಟಿಗೆ ಬಕ್ನರ್ ಅವರನ್ನ ತೆಗೆದ್ರು.

ಅಷ್ಟೆಲ್ಲ ಅನುಭವಿಸಿದ ಮೇಲೆ ಭಾರತವೇ ಡಿಆರ್‌ಎಸ್ (ಅಂಪೈರ್ ತೀರ್ಪನ್ನ ಟೀಮು ರಿಪ್ಲೇಗೆ ಕಳಿಸೋ ರಿವ್ಯೂ ಪದ್ಧತಿ) ಬೇಡ ಅಂತ ವರ್ಷಗಟ್ಟಲೆ ಕೂತಿತ್ತು ಅನ್ನೋದು ಯೋಚಿಸಬೇಕಾದ ವಿಷಯ. ಅದೇ 2008ರ ಜುಲೈಲಿ ಶ್ರೀಲಂಕಾದಲ್ಲಿ ಮೊದಲ ಟ್ರಯಲ್ ಆದಾಗ ನಮ್ಮ ರಿವ್ಯೂಗಳು ಒಂದರ ಹಿಂದೆ ಒಂದು ಫೇಲಾದ್ವು, ಆಮೇಲೆ ನಂಬಿಕೆ ಬರಲಿಲ್ಲ, 2016ರಲ್ಲಿ ಇಂಗ್ಲೆಂಡ್ ಸರಣಿಗೆ ರಾಜಕೋಟ್ ಟೆಸ್ಟಲ್ಲಿ ಒಪ್ಕೊಂಡಾಗ ಕೋಚ್ ಕುಂಬ್ಳೆನೇ. ನಮ್ಮ ಕಮಿಟೀಲೂ ಈಗ ಇಬ್ಬರು ಮೂವರು "ಕ್ಯಾಮೆರಾ ಸಹವಾಸನೇ ಬ್ಯಾಡ ಗುರು, ಅಂಪೈರ್ ಹೇಳಿದ್ದೇ ಫೈನಲ್" ಅಂತಿದಾರೆ. ನಾನು ಒಪ್ಪಲ್ಲ. ಕ್ಯಾಮೆರಾ ಸರಿಯಾಗಿ ಇಟ್ಟಾಗ ಕೆಲಸ ಮಾಡಿದ್ದನ್ನೂ ಕಣ್ಣಾರೆ ನೋಡಿದೀನಿ, ಎರಡನೇ ದಿನ ಕಂಬ ಕಿತ್ತು ಪಕ್ಕಕ್ಕೆ ಹಾಕ್ಸಿ ಕ್ಯಾಮೆರಾ ಗೆರೆಗೆ ನೇರ ಮಾಡಿದ ಮೇಲೆ ಒಂದು ಸ್ಟಂಪಿಂಗ್ ಎಷ್ಟು ಕ್ಲಿಯರ್ ಬಂತು ಅಂದ್ರೆ ಬ್ಯಾಟ್ಸ್‌ಮನ್ ತಾನೇ ಸ್ಕ್ರೀನ್ ನೋಡಿ ತಲೆ ಆಡಿಸಿ ಹೊರಟ, ಜಗಳ ಇಲ್ಲ ಏನಿಲ್ಲ, ಎದುರು ಟೀಮಿನವರು ಚಪ್ಪಾಳೆ ಹೊಡೆದು ಕಳಿಸಿದ್ರು.

ಎಲ್‌ಇಡಿ ಸ್ಕ್ರೀನ್ ವಿಷಯಕ್ಕೆ ಬರ್ತೀನಿ. ತೀರ್ಪು ಬರೋ ಮುಂಚೆನೇ ರಿಪ್ಲೇನ ಸ್ಕ್ರೀನಿಗೆ ಹಾಕ್ತಾರೆ, ಮೈಕ್ ಹಿಡಿದೋನು "ಔಟೋ ಔಟು" ಅಂತ ಕೂಗ್ತಾನೆ, ಐನೂರು ಜನ ಅದಕ್ಕೇ ಕೂಗ್ತಾರೆ, ಆ ಗಲಾಟೇಲಿ ಯಾವ ಅಂಪೈರು ಸ್ವಂತ ಬುದ್ಧಿಯಿಂದ ಹೇಳ್ತಾನೆ ಹೇಳಿ. ಬೌಂಡರಿ ಹತ್ರದ ಕ್ಯಾಚುಗಳಂತೂ ಈ ಸೆಟಪ್ಪಲ್ಲಿ ಕೇಳಲೇಬೇಡಿ, ಅಷ್ಟು ದೂರ ಜೂಮ್ ಮಾಡಿದ್ರೆ ಕಾಲೂ ಹಗ್ಗಾನೂ ಎಲ್ಲಾ ಕಲಸಿಹೋಗುತ್ತೆ.

ತೀರ್ಪು ಪ್ರಶ್ನಿಸೋಕೆ ಟೀಮಿಗೆ ಮ್ಯಾಚಿಗೊಂದೇ ರಿವ್ಯೂ ಅಂತ ಇಟ್ಟಿದ್ದು ಮಾತ್ರ ಚೆನ್ನಾಗಿ ನಡೀತು, ಅದನ್ನ ಬದಲಾಯಿಸಬೇಡಿ. ಸುಮ್‌ಸುಮ್ನೆ ಕೇಳೋರಿಗೆ ಅದೇ ಬುದ್ಧಿ ಕಲಿಸುತ್ತೆ. 2019ರ ಹೆಡಿಂಗ್ಲಿ ಟೆಸ್ಟಲ್ಲಿ ಆಸ್ಟ್ರೇಲಿಯಾ ಒಂದು ಓವರಲ್ಲಿ ಇಂಗ್ಲೆಂಡಿನ ಲೀಚ್ ಮೇಲೆ ಕೆಲಸಕ್ಕೆ ಬಾರದ ಎಲ್‌ಬಿ (ಎಲ್‌ಬಿಡಬ್ಲ್ಯು) ರಿವ್ಯೂ ತಗೊಂಡು ಕಳ್ಕೊಂಡ್ತು, ಮುಂದಿನ ಓವರಲ್ಲಿ ಲಯನ್ ಬಾಲಿಗೆ ಸ್ಟೋಕ್ಸ್ ನೇರ ಎಲ್‌ಬಿ, ಅಂಪೈರ್ ಜೋಯೆಲ್ ವಿಲ್ಸನ್ ಕೊಡಲಿಲ್ಲ, ಕೇಳೋಕೆ ರಿವ್ಯೂ ಉಳಿದಿರಲಿಲ್ಲ, ಇಂಗ್ಲೆಂಡ್ 1 ವಿಕೆಟಿಂದ ಗೆದ್ತು.

ನನ್ನ ಮಾರ್ಕು ಲೈವ್‌ಗೆ 5ಕ್ಕೆ 4, ಥರ್ಡ್ ಅಂಪೈರಿಗೆ 5ಕ್ಕೆ 2. ಬುಕ್ ಮಾಡೋರು ಬಾಯಿಮಾತಿಗೆ ಬಿಡದೆ ಬರೆಸ್ಕೊಳ್ಳಿ, ಎರಡೂ ಎಂಡಿಗೆ ಸೈಡ್ ಕ್ಯಾಮೆರಾ ಗೆರೆಗೆ ನೇರವಾಗಿ ಇರಬೇಕು, ಶಾಮಿಯಾನ ಹಾಕೋ ಮುಂಚೆನೇ ಆ ಜಾಗ ಬಿಡಿಸ್ಕೊಳ್ಳಿ. ಕ್ಯಾಮೆರಾ ಸೆಕೆಂಡಿಗೆ 50 ಅಥವಾ 60 ಫ್ರೇಮಿಗೆ ಸೆಟ್ ಮಾಡಿದಾರಾ ಕೇಳಿ, ತುಂಬಾ ಕ್ಯಾಮೆರಾಗಳಲ್ಲಿ ಆ ಆಪ್ಷನ್ ಇರುತ್ತೆ, ಹಾಕಿರಲ್ಲ ಅಷ್ಟೇ, ಶಟರ್ ಸ್ಪೀಡೂ ಜಾಸ್ತಿ ಮಾಡ್ಸಿ, ಇಲ್ಲಾಂದ್ರೆ ಬ್ಯಾಟು ಮಸುಕಾಗಿ ಬರುತ್ತೆ. ರಿಪ್ಲೇ ಅವರ ಲ್ಯಾಪ್‌ಟಾಪಿಂದಾನೇ ಬರಬೇಕು, ಯೂಟ್ಯೂಬ್ ಲೈವ್ ಹಿಂದಕ್ಕೆ ಎಳೆದು ತೋರಿಸೋದಲ್ಲ. ಲ್ಯಾಪ್‌ಟಾಪ್ ಪಕ್ಕ ನಿಯಮ ಗೊತ್ತಿರೋ, ಆಡೋ ಟೀಮುಗಳಿಗೆ ಸಂಬಂಧ ಇಲ್ಲದ ಒಬ್ಬ ಅಂಪೈರನ್ನ ಕಮಿಟಿಯವರೇ ಕೂರ್ಸಿ, ಅವರಿಗೂ ಗ್ರೌಂಡಲ್ಲಿ ನಿಲ್ಲೋ ಇಬ್ಬರಿಗೂ ಸರಿಯಾದ ದುಡ್ಡು ಕೊಡಿ, ಮೂರು ಜನರ ಮಧ್ಯೆ ವಾಕಿಟಾಕಿ ಇರಲಿ. ನಾವು ದೊಡ್ಡ ಟ್ರೋಫಿಗೆ ಸುರಿಯೋ ದುಡ್ಡಲ್ಲಿ ಇದೆಲ್ಲ ಆರಾಮಾಗಿ ಆಗುತ್ತೆ. ಮುಂದಿನ ಸಲಕ್ಕೂ ಇದೇ ಹುಡುಗರನ್ನ ಕೇಳಿದೀವಿ, ಎರಡನೇ ಸೈಡ್ ಕ್ಯಾಮೆರಾ ಕೊಟ್ಟು ಡ್ರೋನ್ ಕೈಬಿಡ್ತೀವಿ ಅಂತ ಒಪ್ಪಿದ್ರೆ ಅಡ್ವಾನ್ಸ್ ಕೊಡ್ತೀವಿ, ಇಲ್ಲಾಂದ್ರೆ ತಿಪಟೂರು ಕಡೆ ಇನ್ನೊಂದು ಟೀಮಿದೆ, ಅವರನ್ನ ವಿಚಾರಿಸ್ತೀವಿ.